ಹಸೆಮಣೆಗೆ ಎರಡು ಮಾರು ತಂತಿ

ನಮ್ಮ ಭಾವನಿಗೆ ಗಟ್ಟಿಮುಟ್ಟಾದ ಸಾಮಾನಿನ ಮೇಲೆ ಎಳ್ಳಷ್ಟೂ ಗೌರವವಿರಲಿಲ್ಲ! ಹೊಸ ಪೆಟ್ಟಿಗೆಯನ್ನೋ ಹೊಸ ಕುರ್ಚಿಯನ್ನೋ ತಂದು ಮುಂದಿಟ್ಟರೆ, ಸಕ್ಕರೆ ಮರೆತ ಕಾಫಿ ಕುಡಿದವರಂತೆ ಮುಖ ಮಾಡಿ, "ಚೆನ್ನಾಗೇ ಅದೆ, ಒಳೀಕೆ ಮಡಗಿ" ಎಂದು ಆಚೆ ತಿರುಗುತ್ತಿದ್ದರು. ಅದೇ ಸಾಮಾನು ಬಿಸಿಲಿಗೆ ಒಣಗಿ ಚಟಾರೆಂದು ಸೀಳಿತೆನ್ನಿ, ಆಗ ನೋಡಬೇಕಿತ್ತು ಅವರ ಸಡಗರ! ಹೊಳೆನರಸೀಪುರದ ಪೇಟೆಬೀದಿಯಲ್ಲಿ ಅವರದೊಂದು ಬಟ್ಟೆ ಅಂಗಡಿ. ಸೀರೆ ಕೊಳ್ಳಲು ಹಳ್ಳಿಯವರು ಗಾಡಿ ಕಟ್ಟಿಕೊಂಡು ಬಂದರೆ, ಬೇರೆ ಅಂಗಡಿಯವರು ಗಿರಾಕಿಯ ಮುಖ ನೋಡುತ್ತಿದ್ದರು. ನಮ್ಮ ಭಾವ ಗಾಡಿಯ ನೊಗ ನೋಡುತ್ತಿದ್ದರು. ನೊಗದಲ್ಲಿ ಬಿರುಕು ಕಂಡರೆ ಆ ಗಿರಾಕಿಗೆ ಆವತ್ತು ಸೀರೆ ಸಿಕ್ಕುವುದು ಕಷ್ಟ!

ಬಿರುಕು ಕಂಡರೆ ಅವರು ಏನು ಮಾಡುತ್ತಿದ್ದರು? ಮೇಣ ತುಂಬಿ ಮುಚ್ಚುತ್ತಿದ್ದರೇ? ಛೆ, ಅದು ಬಡಗಿಗಳ ಕೆಲಸ. ಇವರು ಅದಕ್ಕೆ ತಾಮ್ರದ ತಂತಿ ತುಂಬುತ್ತಿದ್ದರು. ಮೊದಲು ಚೂರಿಯ ಮೊನೆಯಿಂದ ಬಿರುಕಿನೊಳಗಿನ ಕಸ ತೆಗೆಯುವುದು. ತಂತಿಯನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಅದ್ದಿ ಮೆತ್ತಗೆ ಮಾಡುವುದು. ಆಮೇಲೆ ಅದನ್ನು ಬಿರುಕಿನ ಉದ್ದಕ್ಕೂ ಇಟ್ಟು ಪುಟ್ಟ ಸುತ್ತಿಗೆಯಲ್ಲಿ ತಟ್ಟುವುದು, ತಟ್ಟುವುದು, ಮನೆಯವರ ತಲೆ ಸಿಡಿಯುವವರೆಗೂ ತಟ್ಟುವುದು. ತಾಮ್ರ ಹರಡಿ ಮರವನ್ನು ಕಚ್ಚಿಕೊಂಡ ಮೇಲೆ ಅರದಿಂದ ಉಜ್ಜಿ, ಹುಣಿಸೆಹಣ್ಣು ಹಾಕಿ ತಿಕ್ಕಿದರೆ, ಸೀಳಿದ ಜಾಗದಲ್ಲಿ ಒಂದು ಕೆಂಪು ಗೆರೆ ಹೊಳೆಯುತ್ತಿತ್ತು. ಚೆನ್ನಾಗಿಯೇ ಇರುತ್ತಿತ್ತು, ಸುಳ್ಳು ಹೇಳಬಾರದು.

"ಬಿರುಕು ಅಂದ್ರೆ ಏನು ಅಂದ್ಕೊಂಡಿದ್ದೀರಿ? ಮರ ಬಾಯಿಬುಟ್ಟು ಏನೋ ಯೋಳ್ತಾ ಅದೆ. ಅದರ ಬಾಯಿ ಮುಚ್ಚುಸ್ಬಾರ್ದು, ಬಾಯಿಗೆ ಒಡವೆ ಆಕ್ಬೇಕು!" ಎಂದು ಭಾವ ಉಪದೇಶ ಮಾಡಿದರೆ, ನಮ್ಮಕ್ಕ ಒಲೆಯ ಮುಂದಿನಿಂದಲೇ, "ಬಾಯಿಗೆ ಯಾರಾದ್ರೂ ಒಡವೆ ಆಕ್ತಾರೇನ್ರೀ? ಆಕೋದಿದ್ರೆ ಕತ್ತಿಗೆ ಆಕಿ. ನನ್ನ ಕತ್ತು ಖಾಲಿನೇ ಅದೆ!" ಎನ್ನುತ್ತಿದ್ದಳು. ಭಾವ ಸುತ್ತಿಗೆಯನ್ನು ಇನ್ನೂ ಜೋರಾಗಿ ತಟ್ಟುತ್ತಿದ್ದರು.

ಒಮ್ಮೆ ಮಜ್ಜಿಗೆ ಕಡೆಯುವ ಕಡೆಗೋಲು ಸೀಳಿತು. ಭಾವ ಬಿಟ್ಟಾರೆಯೇ? ಕೋಲಿನ ಬುಡದ ಸುತ್ತ ಮೂರು ಎಳೆ ತಂತಿ ಕೂರಿಸಿ, ಅಂಥ ಕಡೆಗೋಲು ಅರಮನೆಯಲ್ಲೂ ಇಲ್ಲವೆಂದು ಕೊಚ್ಚಿಕೊಂಡರು. ನಾಲ್ಕನೆಯ ದಿನ, ಗಡಿಗೆಯಲ್ಲೇ ಕೋಲು ಬಿಟ್ಟು ಊಟಕ್ಕೆ ಎದ್ದಿದ್ದ ಅಕ್ಕ ವಾಪಸು ಬಂದು ನೋಡಿದರೆ ಮಜ್ಜಿಗೆಯ ಅಂಚೆಲ್ಲ ಹಸಿರು! ಹುಳಿಗೂ ತಾಮ್ರಕ್ಕೂ ಆಗದೆಂಬುದು ಎಳೆಮಕ್ಕಳಿಗೂ ಗೊತ್ತು. ಭಾವ ಮಾತ್ರ, "ಕರಿಬೇವು ಬಿದ್ದಿರ್ಬೇಕು ನೋಡು" ಎಂದರು. ಭಾವನ ತಾಯಿ, ನಾನು ಅತ್ತೆಮ್ಮ ಎಂದು ಕರೆಯುತ್ತಿದ್ದವರು, ಇಡೀ ಗಡಿಗೆಯನ್ನು ಹಿತ್ತಿಲ ಬಾಳೆಯ ಬುಡಕ್ಕೆ ಸುರಿದರು. ಆ ಬಾಳೆ ಆಮೇಲೆ ಗೊನೆ ಬಿಡಲಿಲ್ಲ ಎಂದು ಅತ್ತೆಮ್ಮನ ದೂರು. ಅದಕ್ಕೆ ಮುಂಚೆಯೂ ಬಿಟ್ಟಿರಲಿಲ್ಲ ಎಂದು ಭಾವನ ವಾದ. ಈ ವ್ಯಾಜ್ಯ ಕೊನೆಯವರೆಗೂ ತೀರ್ಮಾನವಾಗಲಿಲ್ಲ.

ಇಷ್ಟೆಲ್ಲ ನಾನು ಹತ್ತಿರದಿಂದ ನೋಡಿದ್ದೇಕೆಂದರೆ, ನಾನು ಆ ಮನೆಯಲ್ಲೇ ಇದ್ದೆ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡ ಜ್ವರದಲ್ಲಿ ತೀರಿಕೊಂಡಾಗ ನನಗೆ ಹತ್ತೊಂಬತ್ತು ವಯಸ್ಸು. ಅಪ್ಪ ಅಮ್ಮ ಆಗಲೇ ಇರಲಿಲ್ಲ. ಭಾವ ಬಂದು ನನ್ನ ಪೆಟ್ಟಿಗೆಯನ್ನು ತಾವೇ ಗಾಡಿಗೆ ಏರಿಸಿ ಕರೆತಂದರು. ದಾರಿಯಲ್ಲಿ ಸಮಾಧಾನದ ಮಾತು ಒಂದೂ ಆಡಲಿಲ್ಲ. ಪೆಟ್ಟಿಗೆಯ ಮುಚ್ಚಳ ಸೀಳಿದ್ದನ್ನು ಕಂಡು ಖುಷಿಯಾಗಿದ್ದರು!

ಮೂರು ವರ್ಷ ಕಳೆದ ಮೇಲೆ ಅರಕಲಗೂಡಿನಿಂದ ಒಂದು ಸಂಬಂಧ ಬಂತು. ಹುಡುಗ ಸ್ಕೂಲು ಮೇಷ್ಟ್ರು, ಮೊದಲ ಹೆಂಡತಿ ತೀರಿಕೊಂಡಿದ್ದರು. ನಮ್ಮವರಲ್ಲಿ ಗಂಡ ಸತ್ತವಳಿಗೆ ಮತ್ತೆ ಮದುವೆ ಆಗದೆಂದೇನೂ ಇರಲಿಲ್ಲ. ಆದರೆ ಅದನ್ನು ಮದುವೆ ಎನ್ನುತ್ತಿರಲಿಲ್ಲ, ಸೀರುಡಿಕೆ ಎನ್ನುತ್ತಿದ್ದರು. ಚಪ್ಪರವಿಲ್ಲ, ಓಲಗವಿಲ್ಲ, ಹಸೆಮಣೆ ಇಲ್ಲ. ಹೊತ್ತು ಮುಳುಗಿದ ಮೇಲೆ ಒಳಮನೆಯಲ್ಲಿ ದೀಪ ತಗ್ಗಿಸಿ, ಕೈಗೊಂದು ಸೀರೆ ಕೊಟ್ಟು, ಹಿಂಬಾಗಿಲಿಂದ ಕಳಿಸಿಬಿಡುವುದು. ಮೇಷ್ಟ್ರು ನನಗೆ ಒಪ್ಪಿಗೆಯಾಗಿದ್ದರು. ಹಿಂಬಾಗಿಲು ಒಪ್ಪಿಗೆಯಾಗಿರಲಿಲ್ಲ. ಬಾಯಿಬಿಟ್ಟು ಹೇಳಲು ಧೈರ್ಯ ಸಾಲದೆ ಅಕ್ಕನ ಮುಂದೆ ಅತ್ತುಬಿಟ್ಟೆ. ಅಕ್ಕ ಭಾವನಿಗೆ ಹೇಳಿದಳು. ಭಾವ ಊಟದ ಎಲೆಯ ಮುಂದೆ ಕೂತೇ ಘೋಷಿಸಿದರು: "ಕೂಸು ಅಸೆಮಣೆ ಮ್ಯಾಲೇ ಕೂರ್ತದೆ."

ಅತ್ತೆಮ್ಮ ಸಾರು ಬಡಿಸುತ್ತಿದ್ದ ಸೌಟು ಕೆಳಗಿಟ್ಟರು. ಕೂಗಾಡಿದರೇ? ಇಲ್ಲ. ಅವರದು ಇನ್ನೂ ಹದವಾದ ಏಟು.

"ಕೂರುಸ್ಲಾ, ಯಾರು ಬ್ಯಾಡ ಅಂದೋರು? ಈ ಮನೇಲಿ ಎಲ್ಲಾರೂ ಕೂತಿರೋದು ಅಟ್ಟದ ಮ್ಯಾಲಿರೋ ಅಲಸಿನ ಮಣೆ ಮ್ಯಾಲೆ. ಅದು ಈಗ ಉದ್ದಕೂ ಸೀಳ್ಯದೆ. ಸೀಳಿದ ಮಣೆ ಶುಭಕ್ಕೆ ಆಗಕಿಲ್ಲ. ಬ್ಯಾರೆ ಮಣೆ ಈ ಮನೆಗೆ ಬರಕಿಲ್ಲ."

"ಸೀಳಿದ್ರೆ ತಂತಿ ಕೂರುಸ್ತೀನಿ."

"ಕೂರುಸು. ತಂತಿ ಮಾತ್ರ ಒಂದೇ ಇರ್ಬೇಕು. ನಡುವೆ ತುಂಡು ತುಂಡು ಸೇರುಸೋ ಅಂಗಿಲ್ಲ. ಮದ್ವೆ ಮಣೆ ಕಣ್ಲಾ ಅದು, ನಿನ್ನ ಕಡೆಗೋಲಲ್ಲ!"

ಭಾವ ಅಟ್ಟ ಹತ್ತಿ ಮಣೆ ಇಳಿಸಿ ಅಳೆದರು. ಒಂದು ಮಾರು ಉದ್ದ. ಬಿರುಕು ಮೇಲಿಂದ ಕೆಳಗಿನ ಮೈಗೂ ಹಾಯ್ದಿತ್ತು. ಅಲ್ಲಿಗೆ ಎರಡೂ ಕಡೆ ಸೇರಿ ಎರಡು ಮಾರು ತಂತಿ ಬೇಕು, ದಪ್ಪನೆಯದು, ಒಂದೇ ತುಂಡು. ಅದೂ ಯಾವಾಗ? ಯುದ್ಧದ ನಡುವೆ, ನಲವತ್ತೆರಡರಲ್ಲಿ, ತಾಮ್ರದ ಗುಂಡುಪಿನ್ನೂ ಸಿಕ್ಕದ ಕಾಲದಲ್ಲಿ! ಅತ್ತೆಮ್ಮನಿಗೆ ಇದು ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದರು. ಫಾಲ್ಗುಣಕ್ಕೆ ಮುಹೂರ್ತ. ಅಷ್ಟರೊಳಗೆ ತಂತಿ ಸಿಕ್ಕಿದರೆ ನನಗೆ ಹಸೆಮಣೆ, ಸಿಕ್ಕದಿದ್ದರೆ ಒಳಮನೆ.

ಭಾವ ಮೊದಲು ಹೋದದ್ದು ಚನ್ನರಾಯಪಟ್ಟಣದ ಕಂಚುಗಾರನೊಬ್ಬನ ಬಳಿಗೆ. ಆತ ಕೈಮುಗಿದು, "ತಾಮ್ರ ಎಲ್ಲಾ ಯುದ್ಧಕ್ಕೆ ಓಯ್ತು ಸಾ. ನಿಮ್ಮ ಮನೇಲೇ ಯಾವುದಾದ್ರೂ ಪಾತ್ರೆ ಇದ್ರೆ ತನ್ನಿ. ಸುತ್ತಕೂ ಸುರುಳಿ ಸುರುಳಿ ಕತ್ತರಿಸ್ಕೊಂಡು ಓಗಿ, ಅಕ್ಕಸಾಲಿ ತಾವ ತೂತಿನ ಪಟ್ಟಿಲಿ ಎಳುಸುದ್ರೆ ಒಂದೇ ತಂತಿ ಆಯ್ತದೆ" ಎಂದನಂತೆ. ಮನೆಗೆ ಬಂದ ಭಾವ ನೆಟ್ಟಗೆ ಬಚ್ಚಲಿಗೆ ಹೋಗಿ ಬಿಸಿನೀರಿನ ಹಂಡೆಯ ಸುತ್ತ ಪ್ರದಕ್ಷಿಣೆ ಹಾಕಿದರು. ಆ ಮನೆಯಲ್ಲಿ ಹಂಡೆಯೊಂದೇ ದೊಡ್ಡ ತಾಮ್ರ. ಅಕ್ಕ ಒಪ್ಪಿಬಿಟ್ಟಳು. ಅತ್ತೆಮ್ಮ ಒಪ್ಪುವುದುಂಟೇ?

"ನಮ್ಮನೆ ಸೊಸೇರೆಲ್ಲ ಬಾಣಂತನದ ನೀರು ಉಯ್ಕೊಂಡ ಅಂಡೆ ಇದು. ಮುಟ್ಟುದ್ಯೋ, ನಿನ್ನ ತಲೆ ಮ್ಯಾಲೆ ನೀರು ಕಾಯುಸ್ತೀನಿ ಕಣ್ಲಾ. ಅದು ಎಂಗೂ ಬಿಸಿನೇ ಅದೆ!"

ಹೇಳಿ ಸುಮ್ಮನಾಗಲಿಲ್ಲ. ಮಗನ ಗುಣ ಬಲ್ಲವರು, ಒಂದು ವಾರ ಬಚ್ಚಲ ಬಾಗಿಲಲ್ಲೇ ಕೂತು ಹೂಬತ್ತಿ ಹೊಸೆದರು. ಆ ವರ್ಷ ನಮ್ಮ ಮನೆಯಲ್ಲಿ ಸೇರಿದಷ್ಟು ಬತ್ತಿ ಯಾವ ಮಠದಲ್ಲೂ ಇರಲಿಕ್ಕಿಲ್ಲ.

ಆಮೇಲೆ ಭಾವನಿಗೆ ರುದ್ರಪಟ್ಟಣದ ನೆನಪಾಯಿತು. ಅಲ್ಲಿ ಮನೆಮನೆಯಲ್ಲೂ ಸಂಗೀತ, ಸಂಗೀತವಿದ್ದಲ್ಲಿ ತಂಬೂರಿ, ತಂಬೂರಿ ಇದ್ದಲ್ಲಿ ತಂತಿ! ಒಬ್ಬ ಹಿರಿಯ ವಿದ್ವಾಂಸರ ಮನೆಗೆ ಹೋದರು. ಅವರು ಹಾಡಲು ಕೂತಿದ್ದರು. ಇವರನ್ನು ಯಾರೋ ರಸಿಕರೆಂದು ತಿಳಿದು ಚಾಪೆ ಹಾಕಿಸಿ, ತೋಡಿ ರಾಗವನ್ನು ಹಿಡಿದರಂತೆ. ಭಾವ ಒಂದು ಗಂಟೆ ಅಲುಗಾಡದೆ, ಕಣ್ಣು ಮಿಟುಕಿಸದೆ ಕೇಳಿದರು. ಇಂಥ ಶ್ರೋತೃ ಸಿಕ್ಕಿದ್ದಕ್ಕೆ ವಿದ್ವಾಂಸರಿಗೂ ಹುರುಪೇರಿತು. ರಾಗ ತಾರಕಕ್ಕೆ ಹೋಗಿ ನಿಂತ ಗಳಿಗೆಯಲ್ಲಿ ಭಾವ ತೊಡೆ ತಟ್ಟಿ ಎದ್ದು ನಿಂತು, "ಸ್ವಾಮಿ! ನಿಮ್ಮ ತಂಬೂರಿ ಬುರುಡೆ ಸೀಳ್ಯದೆ!" ಎಂದು ಆನಂದದಿಂದ ಕೂಗಿದರು. ಅಷ್ಟು ಹೊತ್ತೂ ಅವರು ನೋಡಿದ್ದು ಅದನ್ನೇ!

ವಿದ್ವಾಂಸರು ದೊಡ್ಡ ಮನಸ್ಸಿನವರು, ಬಂದ ಕಾರಣ ಕೇಳಿ ಒಂದು ಹಳೆಯ ತಂತಿ ಕೊಟ್ಟರು. ಅದು ಕೂದಲಿನಷ್ಟು ಸಣ್ಣ. "ಇದರಲ್ಲಿ ಮಣೆ ಆಗಕಿಲ್ಲ, ಮಲ್ಲಿಗೆ ಉವ್ವ ಕಟ್ಬೈದು" ಎಂದು ಭಾವ ಮನೆಗೆ ಬಂದು ಅಕ್ಕನಿಗೆ ಕೊಟ್ಟುಬಿಟ್ಟರು. ವಿದ್ವಾಂಸರ ಮನೆಯಿಂದ ಹೊರಡುವಾಗ ಚೂರಿ ತೆಗೆದು, "ಬುರುಡೆ ಬೇಕಾದ್ರೆ ಈಗಲೇ..." ಎನ್ನುತ್ತಿದ್ದಂತೆ ವಿದ್ವಾಂಸರು, "ಅಯ್ಯಾ, ತಂಬೂರಿ ಮುಟ್ಟಿದರೆ ನಾನು ಮನುಷ್ಯನಾಗಿರುವುದಿಲ್ಲ!" ಎಂದರಂತೆ. ಇದನ್ನು ನಮಗೆ ಹೇಳುವಾಗಲೂ ಭಾವನಿಗೆ ನೋವಿದ್ದದ್ದು ಬೈಸಿಕೊಂಡದ್ದಕ್ಕಲ್ಲ, ಅಂಥ ಸೊಗಸಾದ ಬಿರುಕು ಕೈತಪ್ಪಿದ್ದಕ್ಕೆ.

ಇನ್ನು ಉಳಿದದ್ದು ಹಾಸನ. ಆ ದಿನಗಳಲ್ಲಿ ಚಳವಳಿಯವರು ಅಲ್ಲಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸುತ್ತಿದ್ದರು. ಪೊಲೀಸರು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಂಬ ಕಾಯುತ್ತಿದ್ದರು. ಅಂಥ ಹೊತ್ತಿನಲ್ಲಿ ನಮ್ಮ ಭಾವ, ಒಬ್ಬ ದೊಡ್ಡ ಮನುಷ್ಯ, ಅಂಚಿನ ಪಂಚೆ ಉಟ್ಟು, ಹಣೆತುಂಬ ವಿಭೂತಿ ಇಟ್ಟು, ಕಂಬದ ಕೆಳಗೆ ನಿಂತು ಆಕಾಶ ನೋಡುತ್ತಿದ್ದರು! ದಫೇದಾರರು ಬಂದು ಹೆಗಲ ಮೇಲೆ ಕೈಯಿಟ್ಟರು.

"ಏನ್ ನೋಡ್ತಾ ಇದ್ದೀರಿ?"

"ಅದು ತಾಮ್ರವೋ ಕಬ್ಬಿಣವೋ ಅಂತ."

"ಯಾಕೆ?"

"ಎರಡು ಮಾರು ಬೇಕಾಗಿತ್ತು."

ಇಷ್ಟು ಸಾಲದೇ? ಒಂದು ರಾತ್ರಿ ಠಾಣೆಯಲ್ಲಿ ಕೂರಿಸಿಕೊಂಡು, ಬೆಳಗ್ಗೆ ಅವರನ್ನು ಮುಂದಿಟ್ಟುಕೊಂಡು ಮನೆ ಜಪ್ತಿಗೆ ಬಂದರು. ಅಕ್ಕನೂ ನಾನೂ ಬಾಗಿಲ ಹಿಂದೆ ಅವಿತೆವು. ದಫೇದಾರರು ಲಟ್ಟಣಿಗೆ ಎತ್ತಿದರು, ತಾಮ್ರ ಮಿಂಚಿತು. ಊಟದ ಮಣೆ ಎತ್ತಿದರು, ತಾಮ್ರ. ಅಂಗಡಿಯ ಗಜಕಡ್ಡಿ, ತಾಮ್ರ. ಅವರ ಕಣ್ಣು ಅಗಲವಾಗುತ್ತ ಹೋಯಿತು. ಭಾವ ಹೆದರಬೇಡವೇ? ಅವರ ಕೆಲಸವನ್ನು ಇಷ್ಟು ಶ್ರದ್ಧೆಯಿಂದ ನೋಡಿದವರು ಆವರೆಗೆ ಯಾರೂ ಇರಲಿಲ್ಲ! "ಅದು ಬುಡಿ, ಸಾದಾ ಕೆಲಸ. ಇದ ನೋಡಿ ದಫೇದಾರ್ರೇ, ಮೂರು ಕವಲು ಒಡುದಿತ್ತು!" ಎಂದು ಪೊಲೀಸರ ಕಣ್ಣಿಗೆ ಬೀಳದ ಸಾಮಾನನ್ನೂ ಅಟ್ಟದಿಂದ ತಾವೇ ಇಳಿಸಿಕೊಟ್ಟರು. ಅತ್ತೆಮ್ಮ ಹಣೆ ಹಣೆ ಚಚ್ಚಿಕೊಂಡರು.

ಎಲ್ಲವನ್ನೂ ಪಟ್ಟಿ ಬರೆದು ಗೋಣಿಚೀಲದಲ್ಲಿ ತುಂಬಿದರು. ಅದರಲ್ಲಿ ನಮ್ಮ ಮುದ್ದೆ ಕೋಲೂ ಹೋಯಿತು. "ತಾಮ್ರ ಕಟ್ಟಿದ ದೊಣ್ಣೆ, ಒಂದು" ಎಂದು ಬರೆದುಕೊಂಡದ್ದನ್ನು ನಾನೇ ನೋಡಿದೆ. ಐದು ದಿನ ಅಕ್ಕ ಸೌಟಿನ ಹಿಡಿಯಲ್ಲಿ ಹಿಟ್ಟು ತೊಳಸಿದಳು. ಐದು ದಿನವೂ ನಾವು ಗಂಟು ಮುದ್ದೆ ತಿಂದೆವು. ಕೊನೆಗೆ ಟೆಲಿಗ್ರಾಫಿನ ಅಧಿಕಾರಿಯೊಬ್ಬರು ನಮ್ಮ ಮುದ್ದೆ ಕೋಲನ್ನು ತಿರುಗಿಸಿ ಮುರುಗಿಸಿ ಪರೀಕ್ಷಿಸಿ, ಇದು ಸರ್ಕಾರದ ತಂತಿಯಲ್ಲ, ಅದು ಇದಕ್ಕಿಂತ ದಪ್ಪ ಎಂದು ಬರೆದುಕೊಟ್ಟ ಮೇಲೆ ಚೀಲ ವಾಪಸಾಯಿತು. ತಂದುಕೊಟ್ಟ ದಫೇದಾರರು ಹೋಗದೆ ಬಾಗಿಲಲ್ಲಿ ಹಿಂದೆಮುಂದೆ ನೋಡಿ, ದನಿ ತಗ್ಗಿಸಿ, "ನನ್ನ ಲಾಠಿನೂ ಒಸಿ ಸೀಳ್ಯದೆ. ನೋಡ್ತೀರಾ?" ಎಂದರು.

ಊರಿನವರು ಭಾವನನ್ನು ದೇಶಭಕ್ತರೆಂದು ಹಾರ ಹಾಕಲು ಬಂದರು. "ನಾನು ತಂತಿ ಕದ್ದಿಲ್ಲ ಕಣ್ರಪ್ಪಾ, ಕದ್ದಿದ್ರೆ ಇಷ್ಟೊತ್ಗೆ ಮಣೆ ಮುಗೀತಿತ್ತು!" ಎಂದು ಭಾವ ಗೋಗರೆದರು. ಅದನ್ನು ವಿನಯವೆಂದು ತಿಳಿದು ಇನ್ನೊಂದು ಹಾರ ಹಾಕಿದರು. ಮಾರನೆಯ ದಿನ ಖಾದಿ ಟೋಪಿಯವರೊಬ್ಬರು ಟವೆಲ್ಲಿನಲ್ಲಿ ಸುತ್ತಿದ ಸುರುಳಿಯೊಂದನ್ನು ತಂದು ಭಾವನ ಕೈಗಿಟ್ಟರು. ಯಾವುದೋ ಕಂಬದಿಂದ ಇಳಿದದ್ದು, ನಿಜವಾದ ತಾಮ್ರ! ಬೇಕಾದಷ್ಟು ದಪ್ಪ, ಬೇಕಾದ್ದಕ್ಕಿಂತ ಉದ್ದ! ಭಾವ ಅದನ್ನು ಮಣೆಯ ಬಿರುಕಿಗೆ ಹಿಡಿದು ನೋಡಿದರು. ಸರಿಯಾಗಿ ಕೂತಿತು. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಭಾವ ತುಂಬ ಹೊತ್ತು ಸವರಿ, ಮತ್ತೆ ಟವೆಲ್ಲಿನಲ್ಲಿ ಸುತ್ತಿ ಹಿಂದಕ್ಕೆ ಕೊಟ್ಟರು.

"ಬ್ಯಾಡ ಸ್ವಾಮಿ. ಮೂರ್ತದ ಒತ್ತಿಗೆ ದಫೇದಾರ್ರು ಬಂದು ಮದುಮಗಳ ಸಮೇತ ಮಣೆ ಜಪ್ತಿ ಮಾಡ್ತಾರೆ. ಒಂದ್ಸಲ ಕೂತೋಳ್ನ ಎಬ್ಬುಸ್ಬಾರ್ದು."

ನಾನು ಒಳಗೆ ಹೋಗಿ ಅತ್ತುಬಿಟ್ಟೆ. ಭಾವನ ಮೇಲೆ ಸಿಟ್ಟು ಬಂದಿತ್ತು. ಅವರು ಸರಿಯಾದದ್ದನ್ನೇ ಹೇಳಿದ್ದಕ್ಕೆ ಇನ್ನೂ ಸಿಟ್ಟು.

ಮುಹೂರ್ತಕ್ಕೆ ಹನ್ನೆರಡು ದಿನ ಉಳಿಯಿತು. ಶ್ರವಣಬೆಳಗೊಳದ ಪಾತ್ರೆ ಅಂಗಡಿಗಳನ್ನೆಲ್ಲ ಸುತ್ತಿ ಬರಿಗೈಯಲ್ಲಿ ಬಂದ ಭಾವ ಮಧ್ಯಾಹ್ನ ಜಗುಲಿಯ ಮೇಲೆ ಮಣೆ ಮುಂದಿಟ್ಟುಕೊಂಡು ಕೂತರು. ಬಿರುಕಿನ ಮೇಲೆ ಹೆಬ್ಬೆರಳು ಆಡಿಸುತ್ತಿದ್ದರು. ಸುತ್ತಿಗೆ ಪಕ್ಕದಲ್ಲೇ ಬಿದ್ದಿತ್ತು. ಅತ್ತೆಮ್ಮ ತಮ್ಮ ಪೆಟ್ಟಿಗೆಯಲ್ಲಿದ್ದ ಒಂದು ತಾಮ್ರದ ತಂಬಿಗೆಯನ್ನು ತಂದು ಮಣೆಯ ಮೇಲಿಟ್ಟರು. ದೊಡ್ಡ ತಂಬಿಗೆ, ಬೆಳಗಿ ಬೆಳಗಿ ಕತ್ತಿನ ಗೆರೆಗಳೆಲ್ಲ ಸವೆದಿದ್ದವು.

"ತಕ್ಕೋ. ಅದೇನೋ ಸುತ್ತಕೂ ಕತ್ತರಿಸ್ತಾನಂತಲ್ಲ, ಕತ್ತರಿಸ್ಕೊಂಡು ಬಾ."

"ಅಂಡೆ ಮುಟ್ಟಬ್ಯಾಡ ಅಂದೋಳು ನೀನೇಯ!"

"ಅಂಡೆ ಮನೇದು. ಇದು ನಂದು. ನನ್ನ ಮದ್ವೇಲಿ ನಮ್ಮಪ್ಪ ಕೊಟ್ಟದ್ದು."

ಭಾವ ತಂಬಿಗೆ ಮುಟ್ಟಲಿಲ್ಲ. ಅತ್ತೆಮ್ಮ ಕಂಬಕ್ಕೆ ಒರಗಿ ಕೂತು, ನಮ್ಮ ಯಾರ ಮುಖವನ್ನೂ ನೋಡದೆ ಹೇಳಿದರು:

"ನಿಮ್ಮಪ್ಪ ಓದಾಗ ನೀನು ಆರು ತಿಂಗಳ ಕೂಸು. ಕೊರವಂಗಲದ ಕಡೆಯೋರು ನನ್ನ ಕೇಳ್ಕೊಂಡು ಬಂದ್ರು. ಒಕ್ಕಲುತನದ ಮನೆ, ಒಳ್ಳೆ ಮನುಷ್ಯ. ನಿನ್ನೂ ಕರ್ಕೊಂಡು ಓಯ್ತೀನಿ ಅಂದಿದ್ದ. ನಮ್ಮೋರು ಒಳಮನೇಲಿ ಸೀರೆ ಕೊಟ್ಟು ಕಳುಸ್ತೀವಿ ಅಂದ್ರು. ನಾನೇನು ಕಳ್ಳಿಯಾ, ಹಿಂಬಾಗಿಲಲ್ಲಿ ಓಗಕೆ? ಮಣೆ ಮ್ಯಾಲೆ ಕೂರ್ಸುದ್ರೆ ಓಯ್ತೀನಿ ಅಂದೆ. ಆಗ ಮಣೆ ಸೀಳೂ ಇರ್ಲಿಲ್ಲ. ಯಾರೂ ಇಳುಸ್ಲಿಲ್ಲ." ಸೆರಗಿನಲ್ಲಿ ಮೂಗು ಒರೆಸಿಕೊಂಡರು. "ನಂಗೋಸ್ಕರ ಯಾರೂ ಊರೂರು ಅಲೀಲಿಲ್ಲ ಕಣ್ಲಾ."

ಆಮೇಲೆ ನನ್ನ ಕಡೆ ತಿರುಗಿ, "ಒಟ್ಟೆಕಿಚ್ಚು ಕಣವ್ವಾ ನಂಗೆ. ಇಷ್ಟು ದಿನ ಅದೇಯ. ಬೈಕೋಬ್ಯಾಡ" ಎಂದರು. ನಾನು ಹೋಗಿ ಅವರ ಪಕ್ಕ ಕೂತೆ. ಅವರ ಕೈ ಹಿಡಿದುಕೊಂಡೆ.

ನನ್ನ ಮದುವೆ ಆಯಿತು, ಹಗಲಲ್ಲೇ ಆಯಿತು, ಓಲಗ ಊದಿಸಿಯೇ ಆಯಿತು. ಬಂದ ನೆಂಟರಲ್ಲಿ ನಾಲ್ಕು ಜನ ಮೂಗು ಮುರಿದರು, ಊಟ ಮಾತ್ರ ಯಾರೂ ಬಿಡಲಿಲ್ಲ. ಆದರೆ ನಾನು ಹೇಳಬೇಕಾದ್ದು ಅದರ ಹಿಂದಿನ ದಿನದ್ದು.

ಮಧ್ಯಾಹ್ನ ಮಣೆಯ ಕೆಲಸ ಮುಗಿದಿತ್ತು. ತಂಬಿಗೆ ತಂತಿಯಾಗಿ ಮಣೆ ಸೇರಿತ್ತು: ಈ ತುದಿಯಿಂದ ಆ ತುದಿಗೆ ಒಂದೇ ಕೆಂಪು ಗೆರೆ, ಎಲ್ಲೂ ಕಡಿದಿರಲಿಲ್ಲ. ಭಾವ ಹುಣಿಸೆಹಣ್ಣಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಕರೆದರು.

"ಅವ್ವಾ, ಬಾ ಇಲ್ಲಿ. ನಾಳೆ ಮದುಮಕ್ಕಳು ಕೂತಾಗ ಚಟಾರ್ ಅಂದ್ಬುಟ್ರೆ? ತೂಕ ತಡೀತದಾ ನೋಡ್ಬೇಕು. ಕೂತ್ಕೋ."

"ಬುಡ್ತು ಅನ್ನು! ನಾನು ಕೂರಬಾರ್ದು. ತೂಕ ನೋಡಕೆ ನಿನ್ನ ಎಂಡ್ತಿ ಕೂರ್ಸು, ನನ್ನೆರಡಷ್ಟು ಅವಳೆ!"

"ನಂಗೆ ಕೆಲ್ಸ ಅದಪ್ಪಾ" ಎಂದು ಅಕ್ಕ ಒಳಗೆ ಓಡಿದಳು.

"ಶಾಸ್ತ್ರ ಅಲ್ಲ ಕಣವ್ವಾ, ಪರೀಕ್ಷೆ. ಕೂತ್ಕೋ."

ಅತ್ತೆಮ್ಮ ಬೀದಿಯ ಕಡೆ ಒಮ್ಮೆ ನೋಡಿದರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಮೆಲ್ಲಗೆ ಕೂತರು. ಒಬ್ಬರೇ ಕೂರುವವರು ನಡುವೆ ಕೂರುತ್ತಾರೆ. ಅವರು ಪಕ್ಕದ ಅರ್ಧ ಜಾಗ ಬಿಟ್ಟು ಕೂತರು. ಭಾವ ಮಣೆಯ ಕಡೆ ನೋಡಲೇ ಇಲ್ಲ. ಎದುರಿಗೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಅವ್ವನ ಮುಖವನ್ನೇ ನೋಡುತ್ತಿದ್ದರು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಬೇಕೆಂಬುದೂ ಅವರಿಗೆ ಹೊಳೆಯಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಅತ್ತೆಮ್ಮ, "ಗಟ್ಟಿಯಾಗೇ ಅದೆ ಬುಡು, ಏಳ್ತೀನಿ" ಎಂದರು.

"ಇನ್ನೊಸಿ ಒತ್ತು ಕೂತ್ಕೋ ಅವ್ವಾ" ಎಂದರು ಭಾವ. "ಪರೀಕ್ಷೆ ಇನ್ನೂ ಮುಗುದಿಲ್ಲ."